ಕೆರೆ ತುಂಬದ ವರ್ಷಕ್ಕೂ ಒಂದು ಭತ್ತ

ಮಾಸ್ತಿ, ಮಾಲೂರು ಕಡೆ ಕೆರೆ ತುಂಬಿದ್ರೆ ಭತ್ತ, ಇಲ್ಲಾಂದ್ರೆ ರಾಗಿ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯೋ ನದಿಯೇ ಇಲ್ಲ. ಬೋರ್‌ವೆಲ್ ನಂಬ್ಕೊಂಡು ಗದ್ದೆಯಲ್ಲಿ ನೀರು ನಿಲ್ಲಿಸೋಕಾಗುತ್ತಾ?

ನೀರು ನಿಲ್ಲಿಸದೇ ಬೆಳೆಯೋ ಭತ್ತಕ್ಕಾಗಿ ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಶೈಲಜಾ ಹಿತ್ತಲಮನಿ ತಂಡ ಹುಡುಕಿದ್ದು ತೆನೆಯಲ್ಲಲ್ಲ, ಬೇರಿನಲ್ಲಿ.

ಐಆರ್ 64 ಒಳ್ಳೇ ಇಳುವರಿ ಕೊಡೋ ತಳಿ, ಆದ್ರೆ ಬೇರು ಮೇಲ್ಮೇಲೇ. ಫಿಲಿಪ್ಪೀನ್ಸಿನ ಅಜುಸೆನಾ ಮಳೆಯಾಶ್ರಿತ ಹೊಲದ ಭತ್ತ, ಅದರ ಬೇರು ಆಳಕ್ಕಿಳಿಯುತ್ತೆ. ಎರಡನ್ನೂ ಕೂಡಿಸಿದ್ರೆ ಎರಡನೇ ಪೀಳಿಗೆಯಿಂದ ಹುಟ್ಟೋ ಗಿಡ ಒಂದೊಂದೂ ಒಂದೊಂದು ಥರ. ಆರಿಸೋದೇ ಅಸಲಿ ಕೆಲಸ!

ಉದ್ದನೆಯ ಪಿವಿಸಿ ಪೈಪಿಗೆ ಮಣ್ಣು ತುಂಬಿ ಗಿಡ ಬೆಳೆಸ್ತಾರೆ. ಆಮೇಲೆ ಮಣ್ಣು ತೊಳೆದು, ಬೇರು ಬಿಡಿಸಿ, ಅಳತೆ ಹಿಡೀತಾರೆ. ಹೀಗೆ ಕಿತ್ತ ಗಿಡ ಮತ್ತೆ ಬೀಜಕ್ಕಾಗಲ್ಲ. ಅದಕ್ಕೇ ಡಿಎನ್‌ಎ ಗುರುತು: ಎಲೆಯ ಒಂದು ಚೂರು ಸಾಕು, ಆಳದ ಬೇರಿನ ಗುಣ ಬಂದಿದೆಯಾ ಅಂತ ಪೈರಿನಲ್ಲೇ ಅಂದಾಜು ಸಿಗುತ್ತೆ. ಕೊನೆಗೆ ತೀರ್ಪು ಹೊಲದ್ದೇ, ಕಾಳು ತೂಗಲೇಬೇಕು.

ಹೀಗೆ ಆರಿಸಿದ ತಳಿ 2007ರಲ್ಲಿ ಬಂತು: ಎಂಎಎಸ್ 946-1, ಅಂದ್ರೆ ಶಾರದಾ. ಸಸಿಮಡಿ ಬೇಡ, ಕೆಸರು ಬೇಡ, ನಾಟಿ ಬೇಡ. ರಾಗಿ ಥರ ನೇರ ಬಿತ್ತನೆ. ಕಳೆ ಕಾಟ ಮಾತ್ರ ಜಾಸ್ತಿ, ನೀರು ನಿಲ್ಲಲ್ವಲ್ಲ!

ಮಂಡ್ಯದ ನಾಲೆ ಗದ್ದೆ ಜೊತೆ ಇದನ್ನ ಹೋಲಿಸ್ಬೇಡಿ. ನಮ್ಮ ಕಡೆ ಇಳುವರಿ ಅಳೀಬೇಕಾದ್ದು ನೀರಿನ ಲೆಕ್ಕದಲ್ಲಿ. ಬಿತ್ತೋ ಮುಂಚೆ ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಂದ್ಸಲ ವಿಚಾರಿಸಿ, ಮೊದಲ ವರ್ಷ ಒಂದು ಮೂಲೆಯಲ್ಲಿ ಮಾತ್ರ ಹಾಕಿ ನೋಡಿ.