ಬೇಲಿ ದಾಟಿದ ಮರ

ಪುಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಚಪ್ಪಲಿ ಸ್ಟ್ಯಾಂಡ್ ನಮ್ಮ ಬಾಗಿಲ ತನಕ ಬಂದರೂ ಎರಡು ವರ್ಷ ಸುಮ್ಮನಿದ್ದವನು ನಾನು. ಆದರೆ ಸೆಕೆಂಡ್ ಲೈಫ್‌ನಲ್ಲಿ ನನ್ನ 512 ಚದರ ಮೀಟರ್ ಜಾಗದ ಮನೆಗೆ ನೆರೆಯವರ ಮರದ ಕೊಂಬೆ ಗೋಡೆ ತೂರಿ ಬಂದಾಗ ಸಿಟ್ಟು ನೆತ್ತಿಗೇರಿತು!

2003ರಲ್ಲಿ ಲಿಂಡೆನ್ ಲ್ಯಾಬ್ ಶುರುಮಾಡಿದ ಈ ಲೋಕದಲ್ಲಿ ನೆಲವನ್ನು 256 ಮೀಟರ್ ಉದ್ದಗಲದ ಪ್ರದೇಶಗಳಾಗಿ ಮಾಡಿ, ಅದರೊಳಗೆ ತುಂಡು ತುಂಡಾಗಿ ಹಂಚಿದ್ದಾರೆ. ಗಡಿಗೆರೆ ತಾನಾಗಿ ಕಾಣದು, ಮೆನುವಿನಲ್ಲಿ ಆನ್ ಮಾಡಿಕೊಳ್ಳಬೇಕು. ಒಳಚಾಚಿದ ವಸ್ತುವಿನ ಮೇಲೆ ರೈಟ್ ಕ್ಲಿಕ್ ಮಾಡಿ 'ರಿಟರ್ನ್' ಒತ್ತಿದರೆ ಅದು ಒಡೆಯರ 'ಲಾಸ್ಟ್ ಅಂಡ್ ಫೌಂಡ್' ಫೋಲ್ಡರಿಗೆ ಹೋಗುತ್ತದೆ. ಕೊಂಬೆಯಷ್ಟೇ ಅಲ್ಲ, ಇಡೀ ಮರ. ಅದಕ್ಕೆ ಜೋಡಿಸಿದ ಉಯ್ಯಾಲೆಯೂ.

ಉಯ್ಯಾಲೆ ನೋಡಿ ಬೆರಳು ತಡೆಯಿತು. ಪಾಪ, ಅವರು ಗಡಿಗೆರೆ ನೋಡಿರಲಿಕ್ಕಿಲ್ಲ. "ಮರ ಚೆನ್ನಾಗಿದೆ, ಮೂರು ಮೀಟರ್ ಆಚೆ ಸರಿಸ್ತೀರಾ?" ಎಂದು ಮೆಸೇಜ್ ಹಾಕಿದೆ. ಮರುದಿನ ಮರ ಸರಿದಿತ್ತು, ಜೊತೆಗೊಂದು 'ಸಾರಿ'.

ಮುಖವೇ ಕಾಣದವರಿಗೆ ಹೇಳಲು ಒಂದು ನಿಮಿಷ ಸಾಕಾಯಿತು. ದಿನಾ ಲಿಫ್ಟಿನಲ್ಲಿ ಸಿಗುವವರಿಗೆ ಎರಡು ವರ್ಷವಾದರೂ ಹೇಳಿರಲಿಲ್ಲ. ಆ ಭಾನುವಾರ ಪಕ್ಕದ ಮನೆಯ ಬೆಲ್ ಒತ್ತಿದೆ. "ಕಾಕೂ..." ಎಂದು ಶುರುಮಾಡುವಷ್ಟರಲ್ಲಿ ಅವರೇ ಸ್ಟ್ಯಾಂಡ್ ಎಳೆದುಕೊಂಡು, "ಮೊದಲೇ ಹೇಳಬಾರದಿತ್ತೇನಪ್ಪಾ?" ಎಂದು ಮರಾಠಿಯಲ್ಲೇ ಗದರಿ, ಚಹಾಕ್ಕೆ ಒಳಗೆ ಕರೆದರು.