ಹಿತ್ತಲಿಗೊಂದು ಪಿಜ್ಜಾ ಒಲೆ: ತಪ್ಪು ಕಲ್ಪನೆ ಮತ್ತು ವಾಸ್ತವ

ಬೆಂಗಳೂರಿನ ಅಂಚಿನ ಬಡಾವಣೆಗಳಲ್ಲಿ, ಮಲೆನಾಡಿನ ಹೋಂಸ್ಟೇಗಳಲ್ಲಿ, ಹಿತ್ತಲ ಕಲ್ಲುಹಾಸಿನ ಮೇಲೆ ಇಟ್ಟಿಗೆ ಗುಮ್ಮಟದ ಪಿಜ್ಜಾ ಒಲೆ ಕಟ್ಟಿಸುವವರು ಈಗ ಸಿಗುತ್ತಾರೆ. ಒಳ್ಳೆಯ ಆಸೆ. ಅಡುಗೆಮನೆಯ ವಿದ್ಯುತ್ ಓವನ್ 250 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ನಿಂತುಬಿಡುತ್ತದೆ. ನೇಪಲ್ಸ್‌ನ ಪಿಜ್ಜಾ ಪದ್ಧತಿಯನ್ನು ಕಾಯಲೆಂದು 1984ರಲ್ಲಿ ಹುಟ್ಟಿದ ಸಂಘದ ನಿಯಮದ ಪ್ರಕಾರ ಒಲೆಯ ನೆಲ 380ರಿಂದ 430 ಡಿಗ್ರಿ, ಗುಮ್ಮಟ ಸುಮಾರು 485 ಡಿಗ್ರಿ ಕಾಯಬೇಕು. ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೆಂದು ಹೊರಬರಬೇಕು. ಅಷ್ಟು ಕಾವು ಹುಟ್ಟಿಸುವುದು ಕಷ್ಟವಲ್ಲ, ಹಿಡಿದಿಡುವುದು ಕಷ್ಟ. ಹಣ ಸುರಿದು ಕಟ್ಟಿಸಿದ ಒಲೆ ಮೊದಲ ಮಳೆಗಾಲಕ್ಕೇ ಬಿರುಕು ಬಿಟ್ಟರೆ, ಪಿಜ್ಜಾದ ಮೇಲ್ಭಾಗ ಸೀದು ತಳ ಹಸಿಯಾಗಿಯೇ ಉಳಿದರೆ, ದೋಷ ಹೆಚ್ಚಾಗಿ ಕಣ್ಣಿಗೆ ಕಾಣದ ಪದರಗಳಲ್ಲಿರುತ್ತದೆ.

ತಪ್ಪು ಕಲ್ಪನೆ: ಗೋಡೆ ದಪ್ಪವಾದಷ್ಟೂ ಕಾವು ಹೆಚ್ಚು ಹೊತ್ತು ನಿಲ್ಲುತ್ತದೆ.

ವಾಸ್ತವ: ಇಟ್ಟಿಗೆ ಕಾವನ್ನು ಹೀರಿಕೊಳ್ಳುತ್ತದೆ, ತಡೆಯುವುದಿಲ್ಲ. ಗೋಡೆ ದಪ್ಪವಾದರೆ ಅದು ಕಾಯಲು ಅಷ್ಟೇ ಹೆಚ್ಚು ಸೌದೆ, ಅಷ್ಟೇ ಹೆಚ್ಚು ಹೊತ್ತು ಬೇಕು. ಹೀರಿದ್ದೆಲ್ಲ ಹೊರಮೈಯಿಂದ ಗಾಳಿಗೆ ಸೋರಿಹೋಗುತ್ತದೆ. ಮನೆಯ ಒಲೆಗೆ ಅರ್ಧ ಇಟ್ಟಿಗೆಯ ದಪ್ಪ, ಅಂದರೆ ನಾಲ್ಕೂವರೆ ಇಂಚು, ಧಾರಾಳ. ಕಾವನ್ನು ತಡೆಯುವುದು ಅದರ ಮೇಲೆ ಹೊದಿಸುವ ಸೆರಾಮಿಕ್ ಫೈಬರ್ ಬ್ಲಾಂಕೆಟ್ ಅಥವಾ ವರ್ಮಿಕ್ಯುಲೈಟ್–ಸಿಮೆಂಟ್ ಮಿಶ್ರಣದ ಪದರ. ಬ್ಲಾಂಕೆಟ್ ಕತ್ತರಿಸುವಾಗ ಮಾಸ್ಕ್, ಕೈಗವಸು ಹಾಕಿಕೊಳ್ಳಲೇಬೇಕು. ಅದರ ಎಳೆಗಳು ಉಸಿರಿಗೆ ಒಳ್ಳೆಯದಲ್ಲ.

ಗುಮ್ಮಟಕ್ಕಿಂತಲೂ ಮುಖ್ಯವಾದದ್ದು ನೆಲದ ಅಡಿ. ನಮ್ಮಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವ ಜಾಗವೂ ಅದೇ. ಕಾಂಕ್ರೀಟ್ ಹಲಗೆಯ ಮೇಲೆ ನೇರವಾಗಿ ಇಟ್ಟಿಗೆ ಹಾಸಿದರೆ ಕಾಂಕ್ರೀಟು ಕಾವನ್ನು ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಮೊದಲ ಪಿಜ್ಜಾ ಚೆನ್ನಾಗಿ ಬರುತ್ತದೆ, ಮೂರನೆಯದರ ಹೊತ್ತಿಗೆ ನೆಲ ತಣ್ಣಗಾಗಿರುತ್ತದೆ. ಕಾಂಕ್ರೀಟಿಗೂ ಇಟ್ಟಿಗೆಗೂ ನಡುವೆ ಎರಡು ಇಂಚು ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್, ಇಲ್ಲವೇ ನಾಲ್ಕು ಇಂಚು ವರ್ಮಿಕ್ಯುಲೈಟ್ ಪದರ ಇರಲೇಬೇಕು. ಕಟ್ಟಿ ಮುಗಿದ ಮೇಲೆ ಇದನ್ನು ಸೇರಿಸಲು ದಾರಿಯಿಲ್ಲ. ಖರ್ಚು ತಗ್ಗಿಸಲೇಬೇಕಾದರೆ ಹೊರಗಿನ ಮೊಸಾಯಿಕ್ ಅಲಂಕಾರದಲ್ಲಿ ತಗ್ಗಿಸಿ, ಇಲ್ಲಿ ಬೇಡ.

ತಪ್ಪು ಕಲ್ಪನೆ: ಹಿತ್ತಲಲ್ಲಿ ಕಲ್ಲುಹಾಸು ಇದ್ದೇ ಇದೆ, ಅದರ ಮೇಲೇ ಕಟ್ಟಿದರಾಯಿತು.

ವಾಸ್ತವ: ಒಳಗೆ 90 ಸೆಂಟಿಮೀಟರ್ ಅಗಲದ ಇಟ್ಟಿಗೆ ಒಲೆ ಕಟ್ಟೆಯೂ ಸೇರಿ ಒಂದು ಟನ್ ದಾಟುತ್ತದೆ. ಮರಳಿನ ಮೇಲೆ ಕೂರಿಸಿದ ಹಾಸುಗಲ್ಲು ಆ ಭಾರಕ್ಕೆ ಒಂದು ಮೂಲೆಯಲ್ಲಿ ಕುಸಿದರೂ ಸಾಕು, ಗುಮ್ಮಟ ಸೀಳುತ್ತದೆ. ಆ ಭಾಗದ ಕಲ್ಲು ತೆಗೆಸಿ, ಗಟ್ಟಿ ಮಣ್ಣಿನವರೆಗೆ ಅಗೆಸಿ, ಕಬ್ಬಿಣ ಕಟ್ಟಿ ಐದಾರು ಇಂಚಿನ ಕಾಂಕ್ರೀಟ್ ಹಾಕಿಸಬೇಕು. ತಾರಸಿಯಾದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಒಂದು ಇಟ್ಟಿಗೆಯನ್ನೂ ಏರಿಸಬಾರದು.

ಜಾಗ ಆರಿಸುವಾಗ ತೆಂಗಿನ ಗರಿ, ಒಣ ಬೇಲಿ, ತಗಡಿನ ಮಾಡಿನ ಮರದ ತೊಲೆ, ಎಲ್ಲದರಿಂದಲೂ ದೂರವಿರಲಿ. ಮುಂಗಾರಿನ ಗಾಳಿ ನಮ್ಮಲ್ಲಿ ಪಡುವಣದಿಂದ, ನೈಋತ್ಯದಿಂದ ಬೀಸುತ್ತದೆ. ಒಲೆಯ ಬಾಯಿ ಆ ಕಡೆಗಿದ್ದರೆ ಗಾಳಿ ಒಳನುಗ್ಗಿ ಹೊಗೆ ಕಣ್ಣಿಗೇ ಬರುತ್ತದೆ. ಪಕ್ಕದ ಮನೆಯ ಕಿಟಕಿ ಯಾವ ಕಡೆಗಿದೆ ಎಂದೂ ಮೊದಲೇ ನೋಡಿಕೊಳ್ಳಿ.

ತಪ್ಪು ಕಲ್ಪನೆ: ಅತಿ ದುಬಾರಿ ಇಟ್ಟಿಗೆಯೇ ಉತ್ತಮ; ಗಾರೆಗೆ ಸಿಮೆಂಟು ಹೆಚ್ಚಿದ್ದರೆ ಭದ್ರ.

ವಾಸ್ತವ: ಫೌಂಡ್ರಿಗಳಿಗೆ ಸರಕು ಕೊಡುವ ಅಂಗಡಿಗಳಲ್ಲಿ ಸಿಗುವ ಐಎಸ್ 6, ಐಎಸ್ 8 ದರ್ಜೆಯ ಫೈರ್ ಬ್ರಿಕ್ ಸಾಕು. ಬೆಳಗಾವಿಯಂಥ ಫೌಂಡ್ರಿಗಳ ಊರಿನವರಿಗೆ ಇದು ಹೊಸ ಸರಕೇನಲ್ಲ. ಅಲ್ಯುಮಿನಾ ಅಂಶ ಬಹಳ ಹೆಚ್ಚಿರುವ ಇಟ್ಟಿಗೆ ಲೋಹ ಕರಗಿಸುವ ಕುಲುಮೆಗೆ ಬೇಕು. ಅದನ್ನು ಒಲೆಯ ನೆಲಕ್ಕೆ ಹಾಸಿದರೆ ಕಾವನ್ನು ಬೇಗ ಮೇಲಕ್ಕೆ ಕೊಟ್ಟು ಪಿಜ್ಜಾದ ತಳ ಸೀಯಿಸುತ್ತದೆ. ಸಾದಾ ಸಿಮೆಂಟ್ ಗಾರೆಯಂತೂ 400–500 ಡಿಗ್ರಿಯಲ್ಲಿ ತನ್ನೊಳಗಿನ ನೀರಿನಂಶ ಕಳೆದುಕೊಂಡು ಪುಡಿಯಾಗುತ್ತದೆ. ಮೂರು ಪಾಲು ಮರಳಿಗೆ ಸಿಮೆಂಟ್, ಸುಣ್ಣ, ಫೈರ್‌ಕ್ಲೇ ಒಂದೊಂದು ಪಾಲು ಸೇರಿಸುವುದು ಹವ್ಯಾಸಿಗಳು ಬಹುಕಾಲದಿಂದ ಬಳಸುತ್ತಿರುವ ಮಿಶ್ರಣ. ಸಿಮೆಂಟಿನ ಬಲ ಕುಂದಿದ ಮೇಲೆ ಉಳಿದೆರಡು ಹಿಡಿತ ಕೊಡುತ್ತವೆ.

ತಪ್ಪು ಕಲ್ಪನೆ: ಹೊಗೆಕೊಳವೆ ಗುಮ್ಮಟದ ನೆತ್ತಿಯಲ್ಲಿರಬೇಕು.

ವಾಸ್ತವ: ನೆತ್ತಿಗೆ ತೂತು ಕೊರೆದರೆ ಕಾವೆಲ್ಲ ಅಲ್ಲಿಂದಲೇ ಹಾರಿಹೋಗುತ್ತದೆ. ಕೊಳವೆಯ ಜಾಗ ಬಾಯಿಯ ಹೊರಗೆ, ಅದರ ಮೇಲ್ಗಡೆ. ತಣ್ಣನೆಯ ಗಾಳಿ ಬಾಯಿಯ ಕೆಳಭಾಗದಿಂದ ಒಳಬರುತ್ತದೆ, ಜ್ವಾಲೆ ಗುಮ್ಮಟವನ್ನು ಸವರಿ ತಿರುಗುತ್ತದೆ, ಹೊಗೆ ಬಾಯಿಯ ಮೇಲ್ಭಾಗದಿಂದ ಹೊರಬಂದು ಕೊಳವೆ ಹಿಡಿಯುತ್ತದೆ. ಇದು ಸರಿಯಾಗಿ ನಡೆಯಲು ಬಾಯಿಯ ಎತ್ತರ ಗುಮ್ಮಟದ ಒಳ ಎತ್ತರದ ಸುಮಾರು 63 ಶೇಕಡಾ ಇರಬೇಕೆಂಬುದು ಒಲೆ ಕಟ್ಟುವವರು ನಂಬಿ ನಡೆಯುವ ಲೆಕ್ಕ. ಗುಮ್ಮಟ 40 ಸೆಂಟಿಮೀಟರಾದರೆ ಬಾಯಿ 25.

ತಪ್ಪು ಕಲ್ಪನೆ: ಕಟ್ಟಿ ಒಂದು ವಾರ ಒಣಗಿಸಿದರೆ ಭಾನುವಾರ ನೆಂಟರನ್ನು ಕರೆಯಬಹುದು.

ವಾಸ್ತವ: ಹೊಸ ಒಲೆಗಳು ಹಾಳಾಗುವುದು ಹೆಚ್ಚಾಗಿ ಈ ಅವಸರದಿಂದ. ಗಾರೆಯಲ್ಲೂ ಇಟ್ಟಿಗೆಯಲ್ಲೂ ಕಾವು ತಡೆಯುವ ಪದರದಲ್ಲೂ ಲೀಟರುಗಟ್ಟಲೆ ನೀರು ಅಡಗಿರುತ್ತದೆ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹೊರಹೋಗಲು ದಾರಿ ಸಿಗದಿದ್ದರೆ ಇಟ್ಟಿಗೆಯ ಮೈಯನ್ನೇ ಸಿಡಿಸುತ್ತದೆ. ಕಟ್ಟಿ ಮುಗಿದ ಮೇಲೆ ಕೆಲವು ವಾರ ನೆರಳಲ್ಲಿ ಒಣಗಲು ಬಿಡಿ. ಆಮೇಲೆ ಮೊದಲ ದಿನ ಇದ್ದಿಲಿನ ಸಣ್ಣ ಕೆಂಡ, 100 ಡಿಗ್ರಿಯ ಆಸುಪಾಸು, ಹಲವು ಗಂಟೆ. ದಿನದಿಂದ ದಿನಕ್ಕೆ ಸುಮಾರು 50 ಡಿಗ್ರಿಯಂತೆ ಏರಿಸುತ್ತ ವಾರದ ಕೊನೆಗೆ ಪೂರ್ಣ ಬೆಂಕಿ. ಕೂದಲೆಳೆಯಷ್ಟು ಬಿರುಕು ಕಂಡರೆ ಹೆದರಬೇಡಿ, ಕಾದ ಇಟ್ಟಿಗೆ ಹಿಗ್ಗುವಾಗ ಅದು ಸಹಜ. ಆವಿ ಬಿಡುವುದು ನಿಲ್ಲುವವರೆಗೆ ಹೊರಗಿನ ಕೊನೆಯ ಪ್ಲಾಸ್ಟರ್ ಮಾತ್ರ ಬೇಡ.

ತಪ್ಪು ಕಲ್ಪನೆ: ಮಳೆಗೆ ಟಾರ್ಪಾಲು ಸುತ್ತಿದರಾಯಿತು.

ವಾಸ್ತವ: ಬಿಗಿಯಾಗಿ ಸುತ್ತಿದ ಟಾರ್ಪಾಲು ನೆಲದ ತೇವವನ್ನು ಒಳಗೇ ಕೂಡಿಡುತ್ತದೆ. ತೋಯ್ದ ಬ್ಲಾಂಕೆಟ್ ಕಾವನ್ನು ತಡೆಯುವ ಗುಣ ಕಳೆದುಕೊಳ್ಳುತ್ತದೆ. ಸುತ್ತಲೂ ಗಾಳಿಯಾಡುವ ಮಾಡು ಬೇಕು; ಕರಾವಳಿ, ಮಲೆನಾಡಿನಲ್ಲಿ ಇರಚಲು ತಡೆಯುವಷ್ಟು ಮುಂಚಾಚಿದ ಮಾಡು. ಮಳೆಗಾಲ ಕಳೆದ ಮೇಲೆ ಮೊದಲ ಬಾರಿ ಒಲೆ ಹಚ್ಚುವಾಗ ಮತ್ತೆ ಸಣ್ಣ ಬೆಂಕಿಯಿಂದಲೇ ಶುರುಮಾಡಬೇಕು.

ತಪ್ಪು ಕಲ್ಪನೆ: ಯಾವ ಸೌದೆಯಾದರೂ ನಡೆಯುತ್ತದೆ.

ವಾಸ್ತವ: ಚೆನ್ನಾಗಿ ಒಣಗಿದ ಜಾಲಿ, ಸರ್ವೆ, ಹುಣಸೆ ಒಳ್ಳೆಯವು. ಬಣ್ಣ ಬಳಿದ ಹಲಗೆ, ಪ್ಲೈವುಡ್ ತುಂಡು ಊಟದ ಒಲೆಗೆ ಸಲ್ಲವು. ಅವುಗಳ ಹೊಗೆ ವಿಷ. ಹಸಿ ಕಟ್ಟಿಗೆ ಎಷ್ಟು ಉರಿಸಿದರೂ ಕಾವೇರುವುದಿಲ್ಲ. ಗುಮ್ಮಟದ ಒಳಗಿನ ಕಪ್ಪು ಮಸಿ ಸುಟ್ಟುಹೋಗಿ ಇಟ್ಟಿಗೆ ಬೆಳ್ಳಗಾದಾಗ ಒಲೆ ಸಿದ್ಧ. ಸೌದೆ ಹಾಕುವಷ್ಟು ಬಿಡುಬೀಸು ಇಲ್ಲದ ಹಿತ್ತಲಿಗೆ ಗ್ಯಾಸಿನ ಸಣ್ಣ ಒಲೆ ಖಂಡಿತ ಕಡಿಮೆಯದಲ್ಲ. ಅದಕ್ಕೂ ಸುಡದ ಮೇಜು, ತೆರೆದ ಜಾಗ ಬೇಕು.

ತಪ್ಪು ಕಲ್ಪನೆ: ಪಿಜ್ಜಾಕ್ಕೊಂದಕ್ಕೇ ಇಷ್ಟು ಖರ್ಚು ದಂಡ.

ವಾಸ್ತವ: ಪದರಗಳು ಸರಿಯಿದ್ದು ಬಾಗಿಲು ಮುಚ್ಚಿಟ್ಟರೆ ಮರುದಿನ ಬೆಳಿಗ್ಗೆಯೂ ಒಳಗೆ 200 ಡಿಗ್ರಿಯ ಹತ್ತಿರ ಕಾವಿರುತ್ತದೆ. ಬ್ರೆಡ್ಡು ಸುಡಬಹುದು, ಆಮೇಲೆ ಗೆಣಸು, ಮಧ್ಯಾಹ್ನ ಮಣ್ಣಿನ ಗಡಿಗೆಯಲ್ಲಿ ಹುರುಳಿ. ಕಾವು 100 ಡಿಗ್ರಿಗಿಂತ ಕೆಳಗಿಳಿದ ಮೇಲೆ ಮುಂದಿನ ಬಾರಿಯ ಸೌದೆಯನ್ನು ಒಳಗೆ ಜೋಡಿಸಿ, ಬಾಯಿ ತೆರೆದಿಟ್ಟರೆ ಅದೂ ಒಣಗುತ್ತದೆ.