ಹಳೆಯ ಕಾರಿಗೆ ಹೊಸ ಸ್ಪ್ರಿಂಗು: ಕೊಳ್ಳುವ ಮುನ್ನ ನಾಲ್ಕು ಮಾತು

ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ದರ, ಅಡಿಕೆಯ ಧಾರಣೆ ವಿಚಾರಿಸಿದ ಮೇಲೆ ಏಳುವ ಮುನ್ನ ಆಡುವ ಮಾತೊಂದಿದೆ. “ಹಿಂದೆ ಇಬ್ಬರು ಕೂತರೆ ಸಾಕು, ಕಾರಿನ ತಳ ನೆಲಕ್ಕೆ ಬಡಿಯುತ್ತದೆ. ಇನ್ನೊಂದು ಪ್ಲೇಟು ಹಾಕಿಸಿ ಅನ್ನುತ್ತಾನೆ ಮೆಕ್ಯಾನಿಕ್. ಹಾಕಿಸಲೋ ಬೇಡವೋ?” ಈ ಪ್ರಶ್ನೆ ಒಬ್ಬಿಬ್ಬರದಲ್ಲವಾದ್ದರಿಂದ ಎಲ್ಲರಿಗೂ ಒಟ್ಟಿಗೆ ಉತ್ತರ ಹೇಳುವುದು ಒಳ್ಳೆಯದೆಂದು ನಮಗೆ ತೋರಿತು.

ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಂಬಾಸಡರಿನದು ಅದೇ ವರ್ಷದ ಮೇ ತಿಂಗಳಲ್ಲಿ. ಅಂದರೆ ನಮ್ಮ ಅಂಗಳಗಳಲ್ಲಿರುವ ಇಂಥ ಕಾರುಗಳಲ್ಲಿ ಅತಿ ಕಿರಿಯದಕ್ಕೂ ಹತ್ತು ವರ್ಷ ದಾಟಿದೆ. ಧಾರಣೆ ಏರಿದಾಗ ಕೊಂಡು, ಇಳಿದಾಗಲೂ ಸಾಕಿಕೊಂಡು ಬಂದ ಗಾಡಿಗಳು ಇವು. ಹಳೆಯ ಕಾರು ಇಟ್ಟುಕೊಳ್ಳುವುದರಲ್ಲಿ ಸಂಕೋಚವೇನೂ ಇಲ್ಲ. ಆದರೆ ಮಕ್ಕಳನ್ನು ಶಾಲೆಗೆ ಬಿಡುವುದೂ ಅದೇ ಕಾರು, ಅಪರಾತ್ರಿಯಲ್ಲಿ ಬಾಣಂತಿಯನ್ನೋ ಎದೆನೋವಿನ ಹಿರಿಯರನ್ನೋ ಘಟ್ಟ ಇಳಿಸಿ ಆಸ್ಪತ್ರೆ ಮುಟ್ಟಿಸುವುದೂ ಅದೇ ಕಾರು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಒಂದರಲ್ಲಿ ಮುಂದಿನ ಚಕ್ರ ಕೈಕೊಟ್ಟರೆ ಉಳಿಸಿದ ದುಡ್ಡಿನ ಲೆಕ್ಕ ಕೇಳುವವರಿರುವುದಿಲ್ಲ.

ಎರಡು ಬೇರೆ ಕೆಲಸ

ಸ್ಪ್ರಿಂಗು ಭಾರ ಹೊರುತ್ತದೆ. ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ; ಸ್ಪ್ರಿಂಗಿನ ಕುಣಿತವನ್ನು ಅಡಗಿಸಿ, ಟೈರು ನೆಲ ಬಿಡದಂತೆ ನೋಡಿಕೊಳ್ಳುತ್ತದೆ. ಇವೆರಡರ ಸಂದುಗಳಲ್ಲಿರುವ ರಬ್ಬರ್ ಬುಷ್‌ಗಳು ಹೊಡೆತವನ್ನು ನುಂಗಿ, ಚಕ್ರವನ್ನು ಅದರ ಜಾಗದಲ್ಲಿ ನಿಲ್ಲಿಸುತ್ತವೆ. ಯಾವುದು ಸೋತಿದೆಯೆಂದು ತಿಳಿಯದೆ ಸಾಮಾನು ಕೊಳ್ಳುವುದು, ರೋಗ ಯಾವುದೆಂದು ನೋಡದೆ ತೋಟಕ್ಕೆಲ್ಲ ಬೋರ್ಡೋ ಹೊಡೆದ ಹಾಗೆ.

ಪರೀಕ್ಷೆ ಕಷ್ಟದ್ದಲ್ಲ. ಖಾಲಿ ಕಾರನ್ನು ಸಮತಟ್ಟಾದ ಕಣದಲ್ಲಿ ನಿಲ್ಲಿಸಿ, ಟೈರುಗಳ ಗಾಳಿ ಸರಿಯಿರುವಾಗ, ಪ್ರತಿ ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿಯಿರಿ. ಎಡಬಲಗಳ ಅಳತೆಯಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ ಸ್ಪ್ರಿಂಗು ಕುಸಿದಿರಬಹುದು, ಇಲ್ಲವೇ ಮುರಿದಿರಬಹುದು. ಆಮೇಲೆ ಒಂದೊಂದು ಮೂಲೆಯನ್ನೂ ಬಲವಾಗಿ ಒತ್ತಿ ಕೈಬಿಡಿ. ಮೇಲೆದ್ದು ನಿಂತರೆ ಸರಿ. ಎರಡು ಮೂರು ಸಲ ತೂಗಿದರೆ ಶಾಕ್ ಸತ್ತಿದೆ. ಶಾಕ್‌ನ ಮೈಮೇಲೆ ಎಣ್ಣೆ ಇಳಿದಿದ್ದರೆ, ಟೈರು ಅಲ್ಲಲ್ಲಿ ಗುಳಿಗುಳಿಯಾಗಿ ಸವೆದಿದ್ದರೆ ಅದೂ ಅದೇ ಸೂಚನೆ. ಗುಂಡಿಯಲ್ಲಿ “ಟಕ್” ಎಂಬ ಸದ್ದು ಬಂದರೆ ಬುಷ್‌ಗಳನ್ನೂ ಬಾಲ್ ಜಾಯಿಂಟುಗಳನ್ನೂ ನೋಡಿಸಿ.

ಒಂದು ಪ್ಲೇಟು ಜಾಸ್ತಿ?

ಅಂಬಾಸಡರಿಗೆ ಮುಂದೆ ಟಾರ್ಷನ್ ಬಾರ್, ಹಿಂದೆ ಪ್ಲೇಟಿನ ಸ್ಪ್ರಿಂಗು. ಹಿಂದಿನ ಪ್ಲೇಟುಗಳ ಬಾಗು ಇಳಿದಾಗ ಒಂದು ಪ್ಲೇಟು ಸೇರಿಸುವುದು ಸುಲಭದ ದಾರಿ, ಕಾರೂ ಮೇಲೇಳುತ್ತದೆ. ಆದರೆ ಮಿಕ್ಕ ಪ್ಲೇಟುಗಳು ದಣಿದೇ ಇರುತ್ತವೆ. ಖಾಲಿ ಕಾರಿನಲ್ಲಿ ಸ್ಪ್ರಿಂಗು ಬಿರುಸಾಗಿ, ಜಲ್ಲಿ ರಸ್ತೆಯ ತಿರುವಿನಲ್ಲಿ ಹಿಂಚಕ್ರ ಕುಪ್ಪಳಿಸಿ ಹಿಡಿತ ಬಿಡುತ್ತದೆ. ಅಂಬಾಸಡರಿಗೆ ಜೀಪಿನಂತೆ ಪ್ರತ್ಯೇಕ ಚಾಸಿ ಇಲ್ಲವಾದ್ದರಿಂದ ಹೆಚ್ಚಿದ ಹೊಡೆತವೆಲ್ಲ ಬಾಡಿಗೇ ತಟ್ಟುತ್ತದೆ. ಪ್ಲೇಟುಗಳನ್ನು ಬಡಿಸಿ ಬಾಗು ಎತ್ತಿಸುವುದೂ ತಾತ್ಕಾಲಿಕವೇ. ಕಾಯಿಸಿ ಬಡಿದು ಸರಿಯಾಗಿ ಹದ ಕೊಡದಿದ್ದರೆ ಪ್ಲೇಟು ಮತ್ತೆ ಕುಸಿಯುತ್ತದೆ, ಇಲ್ಲವೇ ಮುರಿಯುತ್ತದೆ. ಮೂಲ ಅಳತೆಯ ಹೊಸ ಜೋಡಿಯನ್ನು ಹೊಸ ಬುಷ್, ಸೆಂಟರ್ ಬೋಲ್ಟ್, ಯು ಬೋಲ್ಟುಗಳೊಡನೆ ಹಾಕಿಸುವುದೇ ಮೇಲು. ಮುಂಭಾಗ ತಗ್ಗಿದ್ದರೆ ಟಾರ್ಷನ್ ಬಾರ್ ಹೊಂದಿಸಿ ಎತ್ತರ ಸರಿಪಡಿಸಬಹುದು; ಆದರೆ ಒಂದು ಬದಿಯಲ್ಲಿ ದುಡಿದ ಬಾರನ್ನು ಇನ್ನೊಂದು ಬದಿಗೆ ಬದಲಿಸಬಾರದು.

ಮಾರುತಿ 800ರ ಮುಂಭಾಗದಲ್ಲಿ ಸ್ಪ್ರಿಂಗು ಮತ್ತು ಶಾಕ್ ಒಂದೇ ಸ್ಟ್ರಟ್‌ನಲ್ಲಿ ಕೂಡಿವೆ. ಆ ಸ್ಪ್ರಿಂಗನ್ನು ಅದಕ್ಕೆಂದೇ ಇರುವ ಕಂಪ್ರೆಸರ್ ಉಪಕರಣದಿಂದ ಅದುಮಿ ಹಿಡಿಯದೆ ಮೇಲಿನ ನಟ್ಟು ಬಿಚ್ಚಿದರೆ ಪ್ರಾಣಕ್ಕೇ ಅಪಾಯ. ಇದು ಮನೆಯ ಶೆಡ್ಡಿನಲ್ಲಿ ಮಾಡುವ ಕೆಲಸವಲ್ಲ. ಸುರುಳಿಗಳ ನಡುವೆ ರಬ್ಬರು ತುರುಕಿ ಎತ್ತರ ಮಾಡುವುದು ಈಗ ರೂಢಿಯಲ್ಲಿದೆ. ರಬ್ಬರು ಕೂತ ಸುರುಳಿ ಕೆಲಸ ನಿಲ್ಲಿಸುತ್ತದೆ, ಅದರ ಪಾಲಿನ ಶ್ರಮ ಉಳಿದವುಗಳ ಮೇಲೆ ಬೀಳುತ್ತದೆ. ಇನ್ನು ಭಾರದ ಮಾತು. ಈ ಕಾರಿನ ತೂಕವೇ ಸುಮಾರು 650 ಕಿಲೋ. ಹಿಂದೆ 50 ಕಿಲೋದ ಎರಡು ಕಾಫಿ ಮೂಟೆ ಹೇರಿದರೆ ಕಾರಿನ ತೂಕದ ಏಳನೆಯ ಒಂದು ಪಾಲಿಗಿಂತ ಹೆಚ್ಚು ಹೇರಿದಂತಾಯಿತು. ಮೂಟೆಗೆ ಪಿಕಪ್ ಗಾಡಿಯಿದೆ. ಮನೆಮಂದಿಯ ಕಾರಿನ ಸ್ಪ್ರಿಂಗನ್ನು ಮೂಟೆಗಾಗಿ ಬಿರುಸು ಮಾಡಿಸುವುದು ಬೇಡ. ಅಲ್ಲದೆ ತಯಾರಕರ ಮೂಲ ವಿವರಕ್ಕೆ ಹೊರತಾದ ಮಾರ್ಪಾಡುಗಳನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ನಿರ್ಬಂಧಿಸುತ್ತದೆ. ಹದಿನೈದು ವರ್ಷ ದಾಟಿದ ಕಾರನ್ನು ನೋಂದಣಿ ನವೀಕರಣಕ್ಕೆ ಒಯ್ಯಬೇಕಾದವರು ಇದನ್ನು ನೆನಪಿಡಬೇಕು.

ಕೊಳ್ಳುವಾಗ, ಕೂಡಿಸುವಾಗ

ಶಾಕ್‌ಗಳನ್ನು ಜೋಡಿಯಾಗಿಯೇ ಕೊಳ್ಳಿ. ಒಂದು ಹೊಸದು, ಒಂದು ಹಳೆಯದಾದರೆ ಬ್ರೇಕು ಹಿಡಿದಾಗ ಕಾರು ಎರಡು ಬದಿಯಲ್ಲಿ ಎರಡು ಬಗೆಯಾಗಿ ನಡೆದುಕೊಳ್ಳುತ್ತದೆ. ಅಂಗಡಿಯಲ್ಲೇ ನೆಟ್ಟಗೆ ಹಿಡಿದು ಕೆಲವು ಸಲ ಎಳೆದು ಒತ್ತಿ ನೋಡಿ. ಬಿಗಿ ಎಲ್ಲ ಕಡೆ ಒಂದೇ ಸಮನಾಗಿರಬೇಕು, ನಡುವೆ ಸಡಿಲು ಇರಬಾರದು. ಹಳೆಯ ದಾಸ್ತಾನಿನ ರಬ್ಬರ್ ಬುಷ್ ಬಾಗಿಸಿದಾಗ ಬಿರುಕು ಬಿಟ್ಟರೆ, ಡಬ್ಬಿ ಎಷ್ಟೇ ಹೊಸತಿದ್ದರೂ ವಾಪಸು ಕೊಡಿ. ಬಣ್ಣ ಬಳಿದ ಹಳೆಯ ಶಾಕ್‌ಗಳೂ ಪೇಟೆಯಲ್ಲಿ ಬರುತ್ತವೆ. ಆದ್ದರಿಂದ ರಸೀದಿ ಕೊಡದ ಅಂಗಡಿಯಲ್ಲಿ ಅಗ್ಗ ಸಿಕ್ಕರೂ ಬೇಡ.

ಕೂಡಿಸುವಾಗ ಮೆಕ್ಯಾನಿಕ್‌ಗೆ ಒಂದು ಮಾತು ಹೇಳಲೇಬೇಕು. ರಬ್ಬರ್ ಬುಷ್‌ಗಳ ಬೋಲ್ಟನ್ನು ಕೊನೆಯ ಬಿಗಿ ಮಾಡಬೇಕಾದ್ದು ಚಕ್ರಗಳು ನೆಲಕ್ಕೂರಿ ಕಾರಿನ ಭಾರ ಅವುಗಳ ಮೇಲೆ ಬಿದ್ದಾಗ. ಜಾಕಿನ ಮೇಲೆ ಚಕ್ರ ತೂಗುತ್ತಿರುವಾಗಲೇ ಬಿಗಿದರೆ, ಕಾರು ಇಳಿಸಿದ ಕೂಡಲೇ ಬುಷ್ ತಿರುಚಿಕೊಂಡು ನಿಂತು ಬೇಗ ಹರಿಯುತ್ತದೆ. ಮುಂದಿನ ಕೆಲಸ ಮಾಡಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ನೋಡಿಸದೆ ಬಿಡಬೇಡಿ. ಮಳೆಗಾಲಕ್ಕೆ ಮುಂಚೆ ಕಾರಿನಡಿಗೆ ಸುಟ್ಟ ಎಂಜಿನ್ ಎಣ್ಣೆ ಹೊಡೆಸುವ ಪದ್ಧತಿ ನಮ್ಮಲ್ಲಿದೆ. ಅದು ರಬ್ಬರಿಗೆ ತಾಗಿದರೆ ಬುಷ್ ಉಬ್ಬಿ ಮೆತ್ತಗಾಗುತ್ತದೆ.

ಹಣ ಸಾಲದಿದ್ದರೆ

ಎಲ್ಲವನ್ನೂ ಒಮ್ಮೆಗೇ ಮಾಡಿಸುವ ಶಕ್ತಿ ಎಲ್ಲರಿಗೂ ಇಲ್ಲವೆಂಬುದು ನಮಗೆ ಗೊತ್ತು. ಆಗ ಸರದಿ ಹೀಗಿರಲಿ: ಮೊದಲು ಬ್ರೇಕು, ಟೈರು, ಬಾಲ್ ಜಾಯಿಂಟು, ಆಮೇಲೆ ಬುಷ್‌ಗಳು, ನಂತರ ಶಾಕ್‌ಗಳು, ಕೊನೆಗೆ ಸ್ಪ್ರಿಂಗು. ಸ್ಪ್ರಿಂಗು ಮುರಿದಿದ್ದರೆ ಮಾತ್ರ ಈ ಸರದಿ ಸಲ್ಲದು. ಅದನ್ನು ಬದಲಿಸದೆ ಕಾರು ಅಂಗಳ ದಾಟಬಾರದು.

ಇಷ್ಟಕ್ಕೂ ಮೊದಲು, ಸ್ಪ್ರಿಂಗು ಮತ್ತು ಸ್ಟ್ರಟ್ ಬಾಡಿಗೆ ಸೇರುವ ಜಾಗಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿ ನೋಡಿಸಿ. ನಮ್ಮ ಮಳೆ ಅಲ್ಲಿನ ತಗಡನ್ನು ಒಳಗಿಂದೊಳಗೇ ತಿಂದಿರುತ್ತದೆ. ತಗಡು ಪುಡಿಯಾಗಿ ಉದುರಿದರೆ, ಬಾಡಿ ಕೆಲಸದ ಖರ್ಚು ಕೇಳಿ ತಿಳಿಯುವವರೆಗೆ ಒಂದು ಬುಷ್ ಕೂಡ ಕೊಳ್ಳಬೇಡಿ. ಆ ಖರ್ಚು ಕಾರಿನ ಬೆಲೆಯನ್ನು ಮೀರುವಂತಿದ್ದರೆ, ಎಷ್ಟೇ ವರ್ಷ ಮನೆಯವರಂತೆ ಇದ್ದ ಕಾರಾದರೂ ಕಳಿಸಿಕೊಡುವುದೇ ವಿವೇಕ. ಆ ಜಾಗಗಳು ಗಟ್ಟಿಯಿದ್ದರೆ, ಮೂಲ ಅಳತೆಯ ಸಾಮಾನು ಹಾಕಿಸಿ ನೆಮ್ಮದಿಯಿಂದ ಓಡಿಸಿ. ಇದಕ್ಕೆ ಮಳೆ ಹಿಡಿಯುವ ಮುಂಚಿನ ಬಿಡುವೇ ತಕ್ಕ ಕಾಲ.